ಮಟ್ಟು ಕಟ್ಟುವವರಿಗೆ ಕೆಲಸ ಕೊಡುವವರು ಯಾರು?

2025ರ ಪದ್ಮಶ್ರೀ ಪಟ್ಟಿಯಲ್ಲಿ ಕರ್ನಾಟಕದ ಪಾಲಿಗೆ ಬಂದ ಹೆಸರುಗಳಲ್ಲಿ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ, ಬಾಗಲಕೋಟೆಯ ಗೋಂಧಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ್, ಬೆಂಗಳೂರಿನ ಸಂಗೀತ ಸಂಯೋಜಕ ರಿಕಿ ಕೇಜ್. ಮೊದಲ ಇಬ್ಬರನ್ನು ಆ ಗೌರವ ಹುಡುಕಿಕೊಂಡು ಬಂದದ್ದು ಇಳಿವಯಸ್ಸಿನಲ್ಲಿ. ಭೀಮವ್ವನವರಿಗೆ ಆಗ ತೊಂಬತ್ತು ದಾಟಿತ್ತು. ಕೇಜ್ ಅವರಿಗೆ ಇನ್ನೂ ನಲವತ್ಮೂರು. ಮೂವರೂ ಅರ್ಹರೇ, ಆ ಬಗ್ಗೆ ತಕರಾರಿಲ್ಲ. ಆದರೆ ಈ ಐದು ದಶಕಗಳ ಅಂತರವನ್ನು ಪ್ರತಿಭೆಯ ತಕ್ಕಡಿಯಲ್ಲಿಟ್ಟು ವಿವರಿಸಲು ಬರುವುದಿಲ್ಲ. ಒಬ್ಬರಿಗೆ ಇಪ್ಪತ್ತರ ಹರೆಯದಿಂದಲೇ ಸಂಗೀತ ಮಾಡಿಕೊಡಿ ಎಂದು ಕೇಳಿ ದುಡ್ಡು ಕೊಡುವವರಿದ್ದರು. ಉಳಿದವರಿಗೆ ಕಾಳುಕಡಿ, ಚಪ್ಪಾಳೆ, ಕೊನೆಗೊಂದು ಶಾಲು ಸಿಗುತ್ತಿತ್ತು. ಸಿನಿಮಾಕ್ಕೆ, ಕ್ರೀಡೆಗೆ ಸಂಗೀತ ಬರೆಯುವ ವೃತ್ತಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಹುಟ್ಟದಿರುವುದಕ್ಕೂ ಇದೇ ಕಾರಣ ಎಂಬುದು ನನ್ನ ವಾದ. ಇಲ್ಲಿ ಕೊರತೆಯಿರುವುದು ಸಂಗೀತಗಾರರದ್ದಲ್ಲ, ಅವರಿಗೆ ಕೆಲಸ ಒಪ್ಪಿಸುವವರದ್ದು.

ಕೇಜ್ ಅವರ ದಾರಿಯನ್ನೇ ನೋಡೋಣ. ಓದಿದ್ದು ದಂತವೈದ್ಯಕೀಯ. ಕಾಲೇಜು ದಿನಗಳಲ್ಲಿ ಬೆಂಗಳೂರಿನ ಏಂಜೆಲ್ ಡಸ್ಟ್ ಎಂಬ ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. 2003ರಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಆಮೇಲೆ ಬಂದದ್ದು ಗ್ರ್ಯಾಮಿ ಅಲ್ಲ, ಜಾಹೀರಾತಿನ ಜಿಂಗಲ್‌ಗಳು. ಮೂರು ಸಾವಿರಕ್ಕೂ ಹೆಚ್ಚು ಎಂದು ಅವರ ಪರಿಚಯ ಬರೆಯುವವರೆಲ್ಲ ಹೇಳುತ್ತಾರೆ. ಅದನ್ನು ಅರ್ಧಕ್ಕಿಳಿಸಿ ನೋಡಿದರೂ ಸಣ್ಣ ಲೆಕ್ಕವಲ್ಲ. 2008ರಲ್ಲಿ ರಮೇಶ್ ಅರವಿಂದ್ ಅವರ ‘ಆಕ್ಸಿಡೆಂಟ್’ ಚಿತ್ರಕ್ಕೆ ಸಂಗೀತ, ಮರುವರ್ಷ ‘ವೆಂಕಟ ಇನ್ ಸಂಕಟ’, ಅದರ ಮರುವರ್ಷ ‘ಕ್ರೇಜಿ ಕುಟುಂಬ’. 2011ರ ಫೆಬ್ರುವರಿ 17ರಂದು ಢಾಕಾದಲ್ಲಿ ವಿಶ್ವಕಪ್ ಕ್ರಿಕೆಟ್ ಉದ್ಘಾಟನೆಯಾದಾಗ ಆ ಸಮಾರಂಭದಲ್ಲಿ ಅವರ ಸಂಗೀತ ಮೊಳಗಿತು. ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಮಾಡಿದ ‘ವಿಂಡ್ಸ್ ಆಫ್ ಸಂಸಾರ’ಕ್ಕೆ ಗ್ರ್ಯಾಮಿ ಬಂದದ್ದು 2015ರಲ್ಲಿ, ಅಂದರೆ ಸ್ಟುಡಿಯೊ ತೆರೆದು ಹನ್ನೆರಡು ವರ್ಷಕ್ಕೆ. ಮುಂದೆ ಡೇವಿಡ್ ಅಟೆನ್‌ಬರೋ ದನಿಯಲ್ಲಿ ಬಂದ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೂ ಅವರದೇ ಸಂಗೀತ. 2022 ಮತ್ತು 2023ರಲ್ಲಿ ಮತ್ತೆರಡು ಗ್ರ್ಯಾಮಿ. ನಾವು ಸಾಮಾನ್ಯವಾಗಿ ಕಥೆ ಹೇಳುವಾಗ ಕೊನೆಯ ವಾಕ್ಯದಿಂದ ಶುರುಮಾಡುತ್ತೇವೆ. ನಿಜವಾದ ವಿಷಯ ಇರುವುದು ಮೊದಲಿನ ಜಿಂಗಲ್‌ಗಳಲ್ಲಿ. ಮೂವತ್ತು ಸೆಕೆಂಡಿನಲ್ಲಿ ಹೇಳುವುದನ್ನು ಹೇಳಿ ಮುಗಿಸು, ನಾಳೆ ಬೆಳಗ್ಗೆಯೊಳಗೆ ಕೊಡು, ಗಿರಾಕಿಗೆ ಹಿಡಿಸದಿದ್ದರೆ ಬದಲಾಯಿಸು ಎಂಬ ಶಿಸ್ತು ಯಾವ ಸಂಗೀತ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ಬೆಂಗಳೂರಿನಲ್ಲಿ ಜಾಹೀರಾತು ಕಂಪನಿಗಳಿದ್ದವು, ಸಣ್ಣ ಬಜೆಟ್ಟಿನ ನಿರ್ಮಾಪಕರಿದ್ದರು, ಆದ್ದರಿಂದ ಅವರಿಗೆ ಮೊದಲ ಮೆಟ್ಟಿಲು ಸಿಕ್ಕಿತು. ಹೊಸಪೇಟೆಯಲ್ಲಿ ಅಷ್ಟೇ ಚುರುಕಿನ ಹುಡುಗನಿದ್ದರೆ ಅವನ ಮುಂದಿರುವುದು ಮದುವೆ ಆರ್ಕೆಸ್ಟ್ರಾ, ಅದರಾಚೆಗೆ ಬೆಂಗಳೂರಿನ ಬಸ್ಸು.

ಈ ಕೆಲಸ ಕಛೇರಿ ಸಂಗೀತದಿಂದ ಎಷ್ಟು ಬೇರೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಸಿನಿಮಾದ ರೀ-ರೆಕಾರ್ಡಿಂಗ್‌ನಲ್ಲಿ ಸಂಯೋಜಕನ ಮುಂದೆ ಕತ್ತರಿಸಿ ಮುಗಿಸಿದ ದೃಶ್ಯ ಇರುತ್ತದೆ. ಮಾತು ಎಲ್ಲಿ ಬರುತ್ತದೆ, ಬಾಗಿಲು ಎಲ್ಲಿ ಬಡಿಯುತ್ತದೆ ಎಂಬುದು ಸೆಕೆಂಡಿನ ಲೆಕ್ಕದಲ್ಲಿ ಗೊತ್ತು. ವಾದ್ಯ ಅದರ ಸಂದಿನಲ್ಲಿ ನುಸುಳಬೇಕು, ಮಾತು ಬಂದ ಕೂಡಲೆ ತಗ್ಗಬೇಕು. ಆಟದ ಮೈದಾನದಲ್ಲಿ ಇದು ತಿರುವುಮುರುವು. ಘಳಿಗೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಕಬಡ್ಡಿಯಲ್ಲಿ ಒಂದು ರೈಡಿಗೆ ಮೂವತ್ತು ಸೆಕೆಂಡು, ಕ್ರಿಕೆಟ್ಟಿನಲ್ಲಿ ಓವರುಗಳ ನಡುವಿನ ಬಿಡುವು. ಅಷ್ಟರಲ್ಲಿ ಏಳೆಂಟು ಸೆಕೆಂಡಿನ ತುಣುಕೊಂದು ಬಂದು, ಜನರನ್ನು ಎಬ್ಬಿಸಿ, ಆಟ ಶುರುವಾಗುವ ಮೊದಲು ತಾನಾಗಿ ತೊಲಗಬೇಕು. ದೊಡ್ಡ ಕ್ರೀಡಾಂಗಣದಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರುವುದರಿಂದ ವೇಗದ ಸ್ವರಗಳು ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತವೆ. ಆದ್ದರಿಂದ ಸ್ವರ ಕಡಿಮೆಯಿರಬೇಕು, ನಡುವೆ ಜಾಗವಿರಬೇಕು, ಹಾಡಲು ಬಾರದವನೂ ಕೈತಟ್ಟಿ ಸೇರಿಕೊಳ್ಳುವಂತಿರಬೇಕು. ಇದನ್ನು ಸಾಧಿಸಿದವರ ಪಟ್ಟಿ ದೊಡ್ಡದೇ ಇದೆ. 1924ರ ಪ್ಯಾರಿಸ್ ಒಲಿಂಪಿಕ್ಸಿನ ಓಟಗಾರರ ಕಥೆಯಾದ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರಕ್ಕೆ 1981ರಲ್ಲಿ ವ್ಯಾಂಗೆಲಿಸ್ ಬರೆದ ಸಂಗೀತಕ್ಕೆ ಆಸ್ಕರ್ ಬಂತು. ಅದೇ ಸಂಗೀತ ಮೂವತ್ತು ವರ್ಷಗಳ ಮೇಲೆ ಲಂಡನ್ ಒಲಿಂಪಿಕ್ಸಿನ ಪದಕ ಪ್ರದಾನಕ್ಕೆ ಕೇಳಿಬಂತು. ಯುರೋಪಿನ ಚಾಂಪಿಯನ್ಸ್ ಲೀಗ್ ಗೀತೆಯನ್ನು 1992ರಲ್ಲಿ ಟೋನಿ ಬ್ರಿಟನ್ ಕಟ್ಟಿದ್ದು ಹದಿನೆಂಟನೆಯ ಶತಮಾನದ ಹ್ಯಾಂಡಲ್‌ನ ಪಟ್ಟಾಭಿಷೇಕದ ರಚನೆಯನ್ನು ಆಧರಿಸಿ. ನಮ್ಮಲ್ಲಿ ‘ಪಥೇರ್ ಪಾಂಚಾಲಿ’ಗೆ ಸಂಗೀತ ಕೊಟ್ಟ ಪಂಡಿತ್ ರವಿಶಂಕರ್ ಅವರೇ 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಸ್ವಾಗತ ಗೀತೆ ಸಂಯೋಜಿಸಿದರು. ಇವರೆಲ್ಲರಿಗೂ ಯಾರೋ ಹೇಳಿ ಮಾಡಿಸಿದ್ದರು ಎಂಬುದು ಇಲ್ಲಿ ಮುಖ್ಯ.

ಈಗ ನಮ್ಮ ಸೀಮೆಗೆ ಬರೋಣ. ಆಟವನ್ನೂ ವಾದ್ಯವನ್ನೂ ಜೋಡಿಸುವ ಕಸುಬು ಇಲ್ಲಿ ಹೊಸದಾಗಿ ಕಲಿಯಬೇಕಾದ್ದಲ್ಲ. ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಬೇಟೆ, ಮಲ್ಲಯುದ್ಧ, ಕುಣಿತ, ವಾದ್ಯ ಎಲ್ಲ ಸಾಲಾಗಿ ಕೆತ್ತಲ್ಪಟ್ಟಿವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ದಿನಗಳ ಕುಸ್ತಿ, ನೃತ್ಯ, ಕಹಳೆ-ನಗಾರಿಗಳ ಅಬ್ಬರವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ರಾಜ ಬೆಳಗಿನ ಜಾವ ಎಣ್ಣೆ ಕುಡಿದು, ಭಾರ ಎತ್ತಿ, ಪೈಲ್ವಾನನೊಂದಿಗೆ ಕುಸ್ತಿ ಆಡುತ್ತಿದ್ದ ಸಂಗತಿಯೂ ಅವನಿಂದಲೇ ನಮಗೆ ತಿಳಿದದ್ದು. ಕಂಪ್ಲಿಯ ಕುಮಾರರಾಮನ ಕಥೆಯಲ್ಲಂತೂ ಇಡೀ ದುರಂತದ ಕೀಲಿಯೇ ಒಂದು ಚೆಂಡಾಟ. ಚೆಂಡು ಹೋಗಿ ಚಿಕ್ಕತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ, ತರಲು ಹೋದ ರಾಮನ ಮೇಲೆ ಅವಳ ಕಣ್ಣು ಬೀಳುತ್ತದೆ, ಮುಂದಿನದೆಲ್ಲ ಅಲ್ಲಿಂದ. ಸಾಂಗತ್ಯದ ಕವಿಗಳೂ ಹಳ್ಳಿಯ ಹಾಡುಗಾರರೂ ಅದನ್ನು ಶತಮಾನಗಳಿಂದ ಹಾಡುತ್ತ ಬಂದಿದ್ದಾರೆ. ಅದೇ ಕಥೆಯನ್ನು ಎಚ್.ಆರ್. ಭಾರ್ಗವ ಶಿವರಾಜಕುಮಾರ್ ಅವರನ್ನು ನಾಯಕನಾಗಿಸಿ ‘ಗಂಡುಗಲಿ ಕುಮಾರರಾಮ’ ಎಂದು ತೆರೆಗೆ ತಂದಾಗ ಸಂಗೀತ ಕೊಟ್ಟವರು ಮಂಗಳೂರು ಕಡೆಯ ಗುರುಕಿರಣ್. ಅವರ ಹಾಡುಗಳ ಬಗ್ಗೆ ನನ್ನದೇನೂ ದೂರಿಲ್ಲ. ಕಥೆ ಕಂಪ್ಲಿಯದು, ಅದನ್ನು ಹಾಡಿ ಉಳಿಸಿದವರು ಈ ಭಾಗದವರು, ಆದರೆ ಅದಕ್ಕೆ ಸಂಗೀತ ಬೇಕಾದಾಗ ಯಾರೂ ಈ ದಿಕ್ಕಿಗೆ ತಿರುಗಿ ನೋಡುವ ರೂಢಿಯೇ ಇರಲಿಲ್ಲ ಎಂಬುದಷ್ಟೇ ಗಮನಿಸಬೇಕಾದ್ದು.

ಕುಸ್ತಿ ಕಣದ ಹಲಗೆಯನ್ನು ಕಿವಿಗೊಟ್ಟು ಕೇಳಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಂಡ ಹಲಗೆ, ಜೋಡಿ ಕಣಕ್ಕಿಳಿದು ಮಣ್ಣು ಮೈಗೆ ಹಚ್ಚಿಕೊಳ್ಳುವಾಗ ಬಿಡಿಬಿಡಿಯಾಗಿ ನುಡಿಯುತ್ತದೆ. ತಲೆಗೆ ತಲೆ ಕೊಟ್ಟು ಸುತ್ತು ಹಾಕುವಾಗ ಒಂದೇ ಸಮನೆ ಸಾಗುತ್ತದೆ. ಒಬ್ಬ ಪಟ್ಟು ಹಾಕಿದನೋ, ಪೆಟ್ಟುಗಳು ಒತ್ತೊತ್ತಾಗಿ ಬೀಳುತ್ತವೆ. ಚಿತ್ ಆದ ಕ್ಷಣಕ್ಕೆ ಸರಿಯಾಗಿ ಮುಕ್ತಾಯ. ಬಾರಿಸುವವನ ಕಣ್ಣು ಹಲಗೆಯ ಮೇಲಿರುವುದಿಲ್ಲ, ಪೈಲ್ವಾನನ ಸೊಂಟದ ಮೇಲಿರುತ್ತದೆ. ಆಟ ನೋಡಿಕೊಂಡು ಸ್ಥಳದಲ್ಲೇ ಸಂಗೀತ ಕಟ್ಟುವುದು ಎಂದರೆ ಇದೇ. ಇದಕ್ಕೇ ಜಗತ್ತಿನ ದೊಡ್ಡ ಕ್ರೀಡಾಂಗಣಗಳು ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿವೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನೂ ಇಲ್ಲಿ ನೆನೆಯಬೇಕು. ಓದು ಬರಹ ಬಾರದ ಅವರು ಬುರ್ರಕಥೆಯ ಹಲವು ಮಹಾಕಾವ್ಯಗಳನ್ನು ಬಾಯಲ್ಲಿಟ್ಟುಕೊಂಡಿದ್ದರು. ಕಥೆ ಯುದ್ಧಕ್ಕೆ ಬಂದಾಗ, ಅಳುವಿಗೆ ಬಂದಾಗ ಲಯ ಹೇಗೆ ಬದಲಾಗಬೇಕೆಂಬ ಅವರ ಲೆಕ್ಕ ಯಾವ ಹಿನ್ನೆಲೆ ಸಂಗೀತಗಾರನ ಲೆಕ್ಕಕ್ಕೂ ಕಡಿಮೆಯದಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಗೌರವ ಸಂದಿತು ನಿಜ. ಆದರೆ ಒಂದು ಚಿತ್ರದ ದೃಶ್ಯ ತೋರಿಸಿ, ಇದಕ್ಕೆ ನಿಮ್ಮ ತಂಡದಿಂದ ಎರಡು ನಿಮಿಷದ ಲಯ ಕಟ್ಟಿಕೊಡಿ, ಇಷ್ಟು ಸಂಭಾವನೆ ಎಂದು ಕೇಳುವ ಸಂಸ್ಕೃತಿ ಬೆಳೆಯಲಿಲ್ಲ.

ಕೇಳಲು ಸಂದರ್ಭಗಳೇ ಇಲ್ಲವೇ? ಇವೆ, ಬೇಕಾದಷ್ಟಿವೆ. ಪ್ರತಿ ಹಂಪಿ ಉತ್ಸವದಲ್ಲೂ ಕುಸ್ತಿ, ಗುಂಡು ಎತ್ತುವುದು ಮುಂತಾದ ಗ್ರಾಮೀಣ ಕ್ರೀಡೆಗಳಿರುತ್ತವೆ. ಧ್ವನಿ-ಬೆಳಕಿನ ಪ್ರದರ್ಶನವಿರುತ್ತದೆ, ಜಾನಪದ ವಾಹಿನಿಯ ಮೆರವಣಿಗೆಯಿರುತ್ತದೆ. ಸಂಡೂರು ತಾಲ್ಲೂಕಿನ ತೋರಣಗಲ್ಲು ಪಕ್ಕದ ವಿಜಯನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ನಡೆಯುತ್ತಿದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ನ ದೇಶದ ಎಳೆಯರು ಅಲ್ಲಿ ತಾಲೀಮು ಮಾಡುತ್ತಾರೆ. ನೀರಜ್ ಚೋಪ್ರಾ ಕೂಡ ಅಲ್ಲಿ ಭರ್ಚಿ ಎಸೆದವರೇ. ಇನ್ನು ಸಿನಿಮಾ ಶೂಟಿಂಗ್ ಹಂಪಿಗೆ ಬರುವುದು ಹೊಸದಲ್ಲ, ಜಾಕಿ ಚಾನ್ ಕೂಡ 2005ರಲ್ಲಿ ತೆರೆಕಂಡ ‘ದ ಮಿಥ್’ಗಾಗಿ ಇಲ್ಲಿಗೆ ಬಂದು ಹೋದರು. ಇಷ್ಟೆಲ್ಲ ಇದ್ದೂ ಮೈದಾನದ ಧ್ವನಿವರ್ಧಕದಲ್ಲಿ ಕೇಳುವುದು ಕಳೆದ ತಿಂಗಳು ಹಿಟ್ ಆದ ಹಾಡು. ಕಲ್ಲು ಇಲ್ಲಿನದು, ಕಣ ಇಲ್ಲಿನದು, ನಾದ ಮಾತ್ರ ಪೆನ್‌ಡ್ರೈವಿನಲ್ಲಿ ಬರುತ್ತದೆ.

ದುಡ್ಡಿಲ್ಲ ಎಂಬ ಮಾತು ಕಬ್ಬಿಣದ ಅದಿರಿನ ಈ ನೆಲದಲ್ಲಿ ಒಪ್ಪುವಂಥದ್ದಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಯಾವುದಕ್ಕೆ ಎಂದು ಹೇಳುವ ಏಳನೇ ಅನುಸೂಚಿಯಲ್ಲಿ ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಇದೆ, ಗ್ರಾಮೀಣ ಕ್ರೀಡೆಯ ತರಬೇತಿಯೂ ಇದೆ. ಎರಡೂ ಒಂದೇ ಪಟ್ಟಿಯಲ್ಲಿ, ಎರಡು ಸಾಲು ಅಂತರದಲ್ಲಿ. ಅವೆರಡನ್ನೂ ಕೂಡಿಸಿ ಒಂದು ಯೋಜನೆ ಬರೆಯಲು ಕಾನೂನಿನ ಅಡ್ಡಿ ಇದ್ದಂತೆ ಕಾಣುವುದಿಲ್ಲ. ಉತ್ಸವದ ತಾರಾ ರಾತ್ರಿಗೆ ತೆರುವ ಹಣದ ಪಕ್ಕದಲ್ಲಿಟ್ಟರೆ ಹತ್ತು ಸಣ್ಣ ರಚನೆಗಳಿಗೆ ಕೊಡುವ ಸಂಭಾವನೆ ಲೆಕ್ಕಕ್ಕೆ ಸಿಗುವ ಮೊತ್ತವೂ ಅಲ್ಲ.

ಹೇಳಿ ಮಾಡಿಸಿದ ಸಂಗೀತ ಕಲೆಯಲ್ಲ, ಕೂಲಿ ಎನ್ನುವವರಿದ್ದಾರೆ. ವಿಜಯನಗರದ ಅರಮನೆಯಲ್ಲಿ ಹಾಡಿದವರೂ ಕುಣಿದವರೂ ಯಾರ ಅನ್ನ ಉಂಡವರು ಎಂದು ಅವರನ್ನು ಕೇಳಬೇಕಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆಟದ ಹಾಡನ್ನು ಯಾರೂ ಹೇಳಿ ಮಾಡಿಸಲಾಗದು, ಜನ ತಾವೇ ಆರಿಸಿಕೊಳ್ಳುತ್ತಾರೆ ಎಂಬುದು ಆ ವಾದ. ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಹಾಡುವ ‘ಯು ವಿಲ್ ನೆವರ್ ವಾಕ್ ಅಲೋನ್’ 1945ರ ಅಮೆರಿಕದ ಸಂಗೀತ ನಾಟಕದ್ದು, ಫುಟ್‌ಬಾಲಿಗೂ ಅದಕ್ಕೂ ನೆಂಟಸ್ತಿಕೆ ಇರಲಿಲ್ಲ. ನಮ್ಮ ಬೆಂಗಳೂರು ಕ್ರಿಕೆಟ್ ತಂಡದ ಘೋಷಣೆ ‘ಈ ಸಲ ಕಪ್ ನಮ್ದೆ’ಯನ್ನು ಹೊತ್ತು ತಿರುಗಿದವರು ಅಭಿಮಾನಿಗಳು. 2025ರ ಜೂನ್ 3ರಂದು ಅದು ನಿಜವಾಗುವವರೆಗೂ ಅದನ್ನು ಗೇಲಿಗೂ ಭಕ್ತಿಗೂ ಬಳಸಿದವರು ಅವರೇ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಆರಿಸಿಕೊಳ್ಳಬೇಕಾದರೆ ಮೊದಲು ಹಾಡು ಇರಬೇಕಲ್ಲ. ಲಿವರ್‌ಪೂಲಿನವರು ಆರಿಸಿಕೊಂಡ ಹಾಡನ್ನೂ ಇಬ್ಬರು ಸೇರಿ ನಾಟಕ ಕಂಪನಿಗಾಗಿ, ಹಣ ಪಡೆದು ಬರೆದಿದ್ದರು. ಅದನ್ನು 1963ರಲ್ಲಿ ಹಾಡಿ ಜನಪ್ರಿಯಗೊಳಿಸಿದ್ದು ಅದೇ ಊರಿನ ತಂಡ ಎಂಬುದನ್ನೂ ಮರೆಯುವಂತಿಲ್ಲ. ಹತ್ತು ಮಟ್ಟು ಕಟ್ಟಿದರೆ ಜನ ಒಂಬತ್ತನ್ನು ಬಿಟ್ಟು ಒಂದನ್ನು ಹಿಡಿಯುತ್ತಾರೆ. ಆ ಒಂಬತ್ತಕ್ಕೂ ಕೂಲಿ ಸಿಗಬೇಕು ಎನ್ನುವುದೇ ವೃತ್ತಿ.

ಹೀಗೆ ಹೇಳಿ ಮಾಡಿಸಿದ್ದರ ಫಲ ಕರಾವಳಿಯಲ್ಲಿ ಕಣ್ಣಮುಂದಿದೆ. 2022ರ ‘ಕಾಂತಾರ’ದಲ್ಲಿ ನಾಯಕ ತೆರೆಗೆ ಬರುವುದು ಕಂಬಳದ ಕೆಸರಿನಲ್ಲಿ ಕೋಣ ಓಡಿಸುತ್ತ. ಸಂಗೀತ ಕೊಟ್ಟ ಭದ್ರಾವತಿಯ ಅಜನೀಶ್ ಲೋಕನಾಥ್ ಆ ನೆಲದ ದನಿಗಳನ್ನು ಬಳಸಿಕೊಂಡರು. ಒಂದು ಗ್ರಾಮೀಣ ಆಟ ಮತ್ತು ಅದರ ಸುತ್ತಲಿನ ವಾದ್ಯ ದೇಶದಾದ್ಯಂತ ಚಿತ್ರಮಂದಿರ ತುಂಬಿಸಬಲ್ಲದು ಎಂದು ಅದರಿಂದ ಗೊತ್ತಾಯಿತು. ಅದೇ ಚಿತ್ರದ ‘ವರಾಹ ರೂಪಂ’ ಹಾಡು ಕೇರಳದ ತೈಕ್ಕುಡಂ ಬ್ರಿಜ್ ತಂಡದ ರಚನೆಯನ್ನು ಹೋಲುತ್ತದೆಂದು ನ್ಯಾಯಾಲಯದ ಮೆಟ್ಟಿಲೇರಿದ್ದೂ ಅಷ್ಟೇ ಪಾಠದ ಸಂಗತಿ. ಹಣ ಬರುವ ಜಾಗದಲ್ಲಿ ಇದು ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅಲ್ಲಿಗೆ ನನ್ನ ವಾದಕ್ಕೆ ಎದುರಾಗುವ ಅತಿ ಕಠಿಣ ಆಕ್ಷೇಪ ಬರುತ್ತದೆ. ಈ ಹಾದಿಯಲ್ಲಿ ಜನಪದ ಕಲಾವಿದರು ಇನ್ನೊಮ್ಮೆ ಸುಲಿಗೆಗೆ ಒಳಗಾಗುತ್ತಾರೆ, ಅರ್ಧ ದಿನ ಕರೆಸಿ ಹಲಗೆ ರೆಕಾರ್ಡ್ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಕತ್ತರಿಸಿ, ಜೀವಮಾನವಿಡೀ ಬಳಸಿಕೊಳ್ಳುತ್ತಾರೆ ಎಂಬ ಭಯ. ಭಯಕ್ಕೆ ಆಧಾರವಿದೆ. ಹಲಗೆ ಬಾರಿಸುವುದನ್ನು ಊರಿನ ಬಿಟ್ಟಿ ಚಾಕರಿಯಾಗಿ ಒಂದು ಸಮುದಾಯದ ಹೆಗಲಿಗೆ ಹೇರಿದ ಇತಿಹಾಸ ನಮ್ಮದು. ಆದ್ದರಿಂದಲೇ ಕೆಲಸ ಒಪ್ಪಿಸುವಾಗ ಕರಾರುಪತ್ರ ಇರಲೇಬೇಕು ಎನ್ನುತ್ತೇನೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಚಿತ್ರಗೀತೆಯ ಸಾಹಿತಿ ಮತ್ತು ಸಂಯೋಜಕರು ಚಿತ್ರಮಂದಿರದ ಹೊರಗಿನ ಬಳಕೆಯ ರಾಯಧನದಲ್ಲಿ ತಮ್ಮ ಸಮಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೇ ಇಲ್ಲ. ನುಡಿಸಿದವರಿಗೂ ಪ್ರದರ್ಶಕರ ಹಕ್ಕಿದೆ. ಆದರೆ ಅದೇ ಕಾಯ್ದೆಯಲ್ಲಿ ಎರಡು ಕಿಂಡಿಗಳಿವೆ, ಸರ್ಕಾರಿ ಉತ್ಸವಗಳ ಮಟ್ಟಿಗೆ ಅವು ದೊಡ್ಡವು. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಅಧಿಕೃತ ಸಮಾರಂಭದಲ್ಲಿ ಹಾಡು ಬಳಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ. ಸರ್ಕಾರದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ಸರ್ಕಾರವೇ. ಹೀಗಾಗಿ ಜಿಲ್ಲಾಡಳಿತ ಸದ್ಭಾವನೆಯಿಂದಲೇ ಒಂದು ಉತ್ಸವ ಗೀತೆ ಮಾಡಿಸಿದರೂ, ಕಾಗದ ಸರಿಯಿಲ್ಲದಿದ್ದರೆ ಕಟ್ಟಿದವನ ಕೈಗೆ ಮುಂದೆ ಏನೂ ದಕ್ಕದೆ ಹೋಗಬಹುದು. ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದರೆ ಇದು ಸರಿಹೋಗುತ್ತದೆ. ಆ ಸಾಲು ಬರೆಯಲು ಮಂತ್ರಿಮಂಡಲದ ಒಪ್ಪಿಗೆ ಬೇಕಿಲ್ಲ.

ಮೈದಾನಕ್ಕೆ ಶೌಚಾಲಯವೇ ಇಲ್ಲದಾಗ ಸಂಗೀತವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಶೌಚಾಲಯ ಮೊದಲು. ಆದರೆ ಈಗಲೂ ಧ್ವನಿವರ್ಧಕಕ್ಕೆ, ವೇದಿಕೆಗೆ, ತಾರೆಯರಿಗೆ ಹಣ ಹೋಗುತ್ತಲೇ ಇದೆ. ನಾನು ಕೇಳುತ್ತಿರುವುದು ಆ ಹಣದ ಒಂದು ತುಣುಕಿನ ದಿಕ್ಕು ಬದಲಾಯಿಸಿ ಎಂದು.

ಮಾಡಬೇಕಾದ್ದು ಹೀಗಿರಬಹುದು. ಮುಂದಿನ ಹಂಪಿ ಉತ್ಸವಕ್ಕೆ ಆರು ತಿಂಗಳು ಮೊದಲು ವಿಜಯನಗರ ಮತ್ತು ಬಳ್ಳಾರಿ ಜಿಲ್ಲಾಡಳಿತಗಳು ಜಂಟಿಯಾಗಿ ಅರ್ಜಿ ಕರೆಯಲಿ. ಕುಸ್ತಿಗೊಂದು, ಗುಂಡೆತ್ತುವುದಕ್ಕೊಂದು, ಬಹುಮಾನ ವಿತರಣೆಗೊಂದು, ಧ್ವನಿ-ಬೆಳಕಿಗೊಂದು ರಚನೆ. ಪ್ರತಿ ತಂಡದಲ್ಲಿ ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸಬಲ್ಲ ಒಬ್ಬ, ಹಲಗೆಯೋ ಬುರ್ರಕಥೆಯೋ ಬಯಲಾಟದ ಮದ್ದಳೆಯೋ ಬಲ್ಲ ಇನ್ನೊಬ್ಬ ಇರಲೇಬೇಕು, ಇಬ್ಬರ ಹೆಸರೂ ಸಂಯೋಜಕರೆಂದೇ ದಾಖಲಾಗಬೇಕು. ಜನಪದ ಮಹಾಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಕನ್ನಡ ವಿಶ್ವವಿದ್ಯಾಲಯ ಇದರಲ್ಲಿ ಆಯ್ಕೆಯ ಹೊಣೆ ಹೊರಬಹುದು. ತೋರಣಗಲ್ಲಿನ ಕ್ರೀಡಾ ಸಂಸ್ಥೆ ತನ್ನ ಕಣಗಳನ್ನು ತಾಲೀಮಿನ ಸಮಯದಲ್ಲಿ ಇವರಿಗೆ ತೆರೆದಿಟ್ಟು, ಆಟ ನೋಡಿ ಮಟ್ಟು ಕಟ್ಟಲು ಬಿಡಬಹುದು. ಮೊದಲ ವರ್ಷದ ಹಾಡು ಕೆಟ್ಟದಾಗಿ ಬಂದರೆ ಏನು ಗತಿ ಎಂದು ಅಧಿಕಾರಿಗಳು ಹೆದರುತ್ತಾರೆ, ಅದು ಸಹಜ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಎರಡು ಆಸ್ಕರ್ ಗೆದ್ದ ಎ.ಆರ್. ರೆಹಮಾನ್ ಮಾಡಿಕೊಟ್ಟ ಗೀತೆಯೇ ಟೀಕೆಗೆ ಗುರಿಯಾಗಿತ್ತು. ಅದರಿಂದ ರೆಹಮಾನ್ ಅವರಿಗೆ ಕೆಲಸ ಸಿಗುವುದು ನಿಲ್ಲಲಿಲ್ಲ. ಕಂಪ್ಲಿಯ ಹುಡುಗನ ಮೊದಲ ಹಾಡು ಜನಕ್ಕೆ ಹಿಡಿಸದಿದ್ದರೆ ಅವನಿಗೆ ಎರಡನೆಯದನ್ನು ಒಪ್ಪಿಸುವಷ್ಟು ಹಣವನ್ನು ಮೊದಲ ವರ್ಷದ ಅಂದಾಜುಪಟ್ಟಿಯಲ್ಲೇ ತೆಗೆದಿಡಬೇಕು.